ಕೊನೆಯ ರೀಲಿಗೆ ಮುಂಚೆ

ಹಾರ್ಮನ್, ಮಿನೆಸೋಟ
೯ ಫೆಬ್ರವರಿ ೧೯೪೭

ಪ್ರೀತಿಯ ಲೋವ್ರೊ,

ನಿನ್ನೆ ನೀನು ಮತ್ತೆ ಸತ್ತೆ. ಈ ಸಲ ಕುದುರೆ ಲಾಯದ ಮಾಡಿನಿಂದ, ಬೆನ್ನು ಕೆಳಗಾಗಿ. ನಮ್ಮ ಗ್ರ್ಯಾಂಡ್ ಟಾಕೀಸಿನಲ್ಲಿ ಹೆಂಗಸರು ಅಯ್ಯೋ ಎಂದರು, ಗಣಿಯ ಗಂಡಸರು ಚಪ್ಪಾಳೆ ಹೊಡೆದರು. ಅವರಿಗೆ ನೀನು ಸಾಯುವುದೆಂದರೆ ಇಡೀ ಊರಿಗೆ ಬಂದ ಮರ್ಯಾದೆ. "ನಮ್ಮ ಝಗಾರ್ ಮನೆ ಹುಡುಗನ ಥರ ಬೀಳೋಕೆ ಹಾಲಿವುಡ್‌ನಲ್ಲಿ ಇನ್ಯಾರಿಗೆ ಬರುತ್ತೆ ಹೇಳಿ" ಎಂದು ಹೊರಗೆ ಬಂದ ಮೇಲೂ ಅವರದು ಅದೇ ಮಾತು.

ಪರದೆಯ ಮೇಲೆ ನಿನ್ನ ಹೆಸರು ಲೇನ್ ಹ್ಯಾಡ್ಲಿ ಅಂತ ಬರುವುದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೇವೆ. ಆದರೆ ಮೊನ್ನೆ ಸಿನಿಮಾ ಪತ್ರಿಕೆಯಲ್ಲಿ ನೀನು ಟೆಕ್ಸಾಸಿನ ದನಗಾಹಿ ಮನೆತನದವನೆಂದೂ ನಡೆಯುವುದಕ್ಕೆ ಮುಂಚೆ ಕುದುರೆ ಸವಾರಿ ಕಲಿತೆಯೆಂದೂ ಬರೆದಿದ್ದರಲ್ಲ, ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಇವನಾ? ನಮ್ಮನೆ ಹಸು ಬಾಲ ಬೀಸಿದ್ರೆ ನನ್ನ ಲಂಗದ ಹಿಂದೆ ಅವಿತುಕೊಳ್ತಿದ್ದ!"

ಸಿನಿಮಾದಲ್ಲಿ ಮಾತ್ರ ಅವಳು ನಗುವುದಿಲ್ಲ. ಎಂದಿನಂತೆ ಕೊನೆಯ ರೀಲಿಗೆ ಮುಂಚೆ ಎದ್ದು ಹೋದಳು. ನೀನು ಪಿಸ್ತೂಲಿಗೆ ಕೈ ಹಾಕುತ್ತಿದ್ದಂತೆ ಅವಳಿಗೆ ಗೊತ್ತಾಗಿಬಿಡುತ್ತದೆ. ಅಪ್ಪನ ಹಳೇ ಕೋಟು ಹಾಕಿಕೊಂಡು ಹೊರಗೆ ಹಿಮದಲ್ಲಿ ನಿಲ್ಲುತ್ತಾಳೆ. ಟಾಕೀಸಿನ ತೋಯ್ವೊ, ಅದೇ ನಿನ್ನನ್ನು ಟಿಕೆಟ್ಟಿಲ್ಲದೆ ಒಳಗೆ ಬಿಡುತ್ತಿದ್ದ ಫಿನ್‌ಲೆಂಡಿನವನು, ಒಲೆಯ ಹತ್ತಿರ ಬಂದು ಕೂರಿ ಎಂದು ಎಷ್ಟು ಕರೆದರೂ ಜಗ್ಗುವುದಿಲ್ಲ. ನಾನು ಬಾಗಿಲು ದಾಟಿದ ಕೂಡಲೇ ಒಂದೇ ಪ್ರಶ್ನೆ. "ಹೋದನಾ?"

"ಇಲ್ಲಮ್ಮ, ತಪ್ಪಿಸಿಕೊಂಡ" ಅನ್ನುತ್ತೇನೆ. ಪ್ರತಿ ಸಲವೂ ಅದನ್ನೇ ಅನ್ನುತ್ತೇನೆ. ಅವಳು ನಂಬುವುದಿಲ್ಲ, ನಂಬಿದವಳ ಹಾಗೆ ತಲೆಯಾಡಿಸುತ್ತಾಳೆ.

ನಗಬೇಡ ಕಣೋ. ಅಪ್ಪನ ಮೇಲೆ ಗಣಿ ಕುಸಿದ ದಿನ ಅವಳು ಗೇಟಿನ ಹೊರಗೆ ಹೀಗೇ ಹಿಮದಲ್ಲಿ ನಿಂತಿದ್ದಳು. ಮೇಲೆ ಬಂದ ಒಬ್ಬೊಬ್ಬರನ್ನೂ "ಹೋದನಾ?" ಎಂದು ಕೇಳುತ್ತಿದ್ದಳು. ಯಾರೂ ಬಾಯಿ ಬಿಡಲಿಲ್ಲ. ಅಪ್ಪನನ್ನು ಮಣ್ಣು ಅಲ್ಲೇ ಇಟ್ಟುಕೊಂಡಿತು, ಮುಖ ನೋಡಲೂ ಸಿಗಲಿಲ್ಲ. ನೀನಾಗ ತೊಟ್ಟಿಲಲ್ಲಿದ್ದೆ. ನಿನ್ನೆ ಮನೆಗೆ ಬರುವ ದಾರಿಯಲ್ಲಿ ಅಂದಳು: "ಗಂಡ ಸತ್ತಿದ್ದು ಕಣ್ಣಿಗೆ ಬೀಳಲಿಲ್ಲ. ಮಗ ಸಾಯೋದನ್ನ ಮಾತ್ರ ಟಿಕೆಟ್ ತಗೊಂಡು ನೋಡಬೇಕಾ?"

ಅದಕ್ಕೇ ಕೇಳುತ್ತಿದ್ದೇನೆ. ಒಂದೇ ಒಂದು ಸಿನಿಮಾದಲ್ಲಿ ಬದುಕು. ಅವಳು ಒಂದು ಸಲವಾದರೂ ಕೊನೆಯವರೆಗೆ ಕೂತು ನಿನ್ನನ್ನು ನೋಡಲಿ.

ಅಕ್ರೋಟಿನ ರೊಟ್ಟಿ ಕಳಿಸಿದ್ದಾಳೆ. ಒಣಗುವ ಮುಂಚೆ ತಿನ್ನು.

ನಿನ್ನ ಅಕ್ಕ
ಪಾವ್ಲಾ


ಹಾಲಿವುಡ್
೨ ಮಾರ್ಚ್ ೧೯೪೭

ಅಕ್ಕ,

ರೊಟ್ಟಿ ಬಂತು. ವಾಸನೆ ಹಿಡಿದು ಪಕ್ಕದ ಕೋಣೆಯ ಇಬ್ಬರು ನಟರೂ ಬಂದರು. ಒಬ್ಬ ಯಾವಾಗಲೂ ಪೊಲೀಸಿನವನು, ಇನ್ನೊಬ್ಬ ಯಾವಾಗಲೂ ವೈದ್ಯ. ಅಂದರೆ ನನ್ನನ್ನು ಕೊಲ್ಲುವವನು ಮತ್ತು ನಾನು ಸತ್ತಿದ್ದೇನೆಂದು ಹೇಳುವವನು. ನನಗೆ ಉಳಿದದ್ದು ಒಂದು ತುಂಡು.

ಅಮ್ಮನಿಗೆ ಹೇಗೆ ಹೇಳಲಿ? ಇಲ್ಲಿ ಪಾತ್ರವನ್ನು ನಾವು ಆರಿಸುವುದಲ್ಲ. ಏಳು ವರ್ಷದ ಕರಾರು. ಸ್ಟುಡಿಯೊದವರು ಸಾಯಿ ಅಂದರೆ ಸಾಯಬೇಕು. ಒಲ್ಲೆ ಎಂದರೆ ಸಂಬಳ ಕೊಡದೆ ಮನೆಯಲ್ಲಿ ಕೂರಿಸುತ್ತಾರೆ. ಅಷ್ಟು ದಿನವನ್ನೂ ಕರಾರಿನ ಬಾಲಕ್ಕೆ ಕಟ್ಟುತ್ತಾರೆ. ನನ್ನದು ಅಪ್ಪನ ಮುಖ, ಅಗಲ ಕೆನ್ನೆ, ಗುಳಿಬಿದ್ದ ಕಣ್ಣು. ಇಂಥ ಮುಖದವನು ಕೊನೆಯಲ್ಲಿ ಹುಡುಗಿಯನ್ನು ಕರೆದುಕೊಂಡು ಹೋದರೆ ಜನ ಒಪ್ಪುವುದಿಲ್ಲವಂತೆ. "ನಿನ್ನಷ್ಟು ಚೆನ್ನಾಗಿ ಸಾಯೋರು ಈ ಊರಲ್ಲಿ ಯಾರೂ ಇಲ್ಲ, ಬೇಜಾರು ಯಾಕೆ ಮಾಡ್ಕೋತೀಯ?" ಎಂದು ನಿರ್ದೇಶಕ ಬೆನ್ನು ತಟ್ಟಿದ. ಬೆನ್ನಿನ ಗಾಯ ಇನ್ನೂ ಮಾಗಿರಲಿಲ್ಲ.

ಪ್ರಯತ್ನ ಮಾಡುತ್ತೇನೆ. ಅಮ್ಮನಿಗೆ ಮಾತು ಕೊಟ್ಟೆ ಎಂದು ಹೇಳು.

ಲೋವ್ರೊ


ಹಾರ್ಮನ್
೨೧ ನವೆಂಬರ್ ೧೯೪೮

ಲೋವ್ರೊ,

ಮಾತು ಕೊಟ್ಟ ಮೇಲೆ ಒಂದರಲ್ಲಿ ನೇಣಾಯಿತು, ಒಂದರಲ್ಲಿ ಮುಳುಗಿದ್ದಾಯಿತು. ಮೊನ್ನೆಯದರಲ್ಲಂತೂ ಹೆಸರು ಬಂದು ಹೋಗುವಷ್ಟರಲ್ಲೇ ಗುಂಡು ತಿಂದೆ. ಮಿಠಾಯಿ ಕೊಳ್ಳಲು ಹೋದವರಿಗೆ ನೀನು ಕಾಣಲೇ ಇಲ್ಲ.

ಅಮ್ಮ ಕಳೆದ ಎರಡು ಸಿನಿಮಾಕ್ಕೆ ಬರಲಿಲ್ಲ. ಎಲೆಕೋಸು ಹೆಚ್ಚಿ ಉಪ್ಪಿಗೆ ಹಾಕುವ ಕೆಲಸ ಇತ್ತು. ಆಮೇಲೆ ನೆಗಡಿ. ನೀನು ಅದಕ್ಕೆ ಬೇರೆ ಅರ್ಥ ಕಟ್ಟಬೇಡ.

ಶಾಲೆಯ ಅಡುಗೆಮನೆಯಲ್ಲಿ ನನಗೆ ಕೆಲಸ ಜಾಸ್ತಿ. ನಿನ್ನ ಪತ್ರಗಳು ಈಗೀಗ ಕ್ರಿಸ್‌ಮಸ್ ಕಾರ್ಡಿನಷ್ಟೇ ಉದ್ದ ಇರುತ್ತವೆ. ಹಬ್ಬಕ್ಕೆ ಬರುತ್ತೀಯಾ, ಅಥವಾ ಟೆಕ್ಸಾಸಿಗೆ ಹೋಗುತ್ತೀಯಾ?

ಪಾವ್ಲಾ


ಹಾಲಿವುಡ್
೧೦ ಡಿಸೆಂಬರ್ ೧೯೪೮

ಅಕ್ಕ,

ಎಲೆಕೋಸಿನ ಕಥೆ ಬೇರೆಯವರಿಗೆ ಹೇಳು. ಅಮ್ಮನಿಗೆ ನಾನೆಂದರೆ ನಾಚಿಕೆ, ಅಷ್ಟೇ. ಊರು ಬಿಡುವ ದಿನ ರೈಲಿನ ಹತ್ತಿರ ಅವಳು ಹೇಳಿದ್ದು ಮರೆತಿಲ್ಲ. "ಮುಖಕ್ಕೆ ಬಣ್ಣ ಬಳ್ಕೊಂಡು ಸುಳ್ಳು ಸುಳ್ಳೇ ಬೀಳೋದೂ ಒಂದು ಗಂಡಸಿನ ಕೆಲಸವಾ? ನಿಮ್ಮಪ್ಪ ನಿಜವಾಗಿ ಬಿದ್ದ." ಅಪ್ಪನ ಹಾಗೆ ಮಣ್ಣಿನ ಕೆಳಗೆ ಹೋಗಿದ್ದರೆ ಬಹುಶಃ ನನ್ನನ್ನೂ ಗೌರವದಿಂದ ನೆನೆಯುತ್ತಿದ್ದಳು.

ಈಗ ಸಿನಿಮಾ ನೋಡಲೂ ಬರುವುದಿಲ್ಲ. ಸರಿ. ಹಬ್ಬಕ್ಕೆ ಬರಲಾಗುವುದಿಲ್ಲ, ಚಿತ್ರೀಕರಣ ಇದೆ.

ಲೋವ್ರೊ


ಹಾಲಿವುಡ್
೧೪ ಮೇ ೧೯೪೯

ಅಕ್ಕ, ಅಕ್ಕ, ನಾನು ಬದುಕಿದೆ!

ಚಳಿಗಾಲದಲ್ಲಿ ಇನ್ನೊಂದು ಸಾಯುವ ಪಾತ್ರ ಕೊಟ್ಟರು. ಒಲ್ಲೆ ಎಂದೆ. ಮೂರು ತಿಂಗಳು ಮನೆಯಲ್ಲಿ ಕೂರಿಸಿದರು. ನಿಮಗೆ ಹೇಳಲಿಲ್ಲ. ಊರಿಗೆ ಬರಬಹುದಿತ್ತು, ಕೆಲಸವಿಲ್ಲದ ಮುಖ ಹೊತ್ತುಕೊಂಡು ಬರಲು ಮನಸ್ಸಾಗಲಿಲ್ಲ. ಆಮೇಲೆ ಅವರಿಗೇ ಬೇರೆ ಯಾರೂ ಸಿಗದೆ ಕರೆದು ಇದನ್ನು ಕೊಟ್ಟರು. ನಾನು ಕೆಟ್ಟ ತಮ್ಮ. ಜೈಲಿನಿಂದ ಬಂದು ಅಣ್ಣನ ಪ್ರಾಣ ಉಳಿಸುತ್ತೇನೆ. ನೀನು ಹೋಗು, ಸುಖವಾಗಿರು ಎಂದು ಅಣ್ಣ ತನ್ನ ಕುದುರೆ ಕೊಡುತ್ತಾನೆ. ಗುಡ್ಡದ ಕಡೆ ಹೊರಟು ಒಂದು ಸಲ ತಿರುಗಿ ನೋಡುತ್ತೇನೆ. ಕೊನೆಯ ದೃಶ್ಯವೇ ನನ್ನ ಮುಖ, ಪರದೆ ತುಂಬ. ಸಂಗೀತ ಏರುತ್ತದೆ, ದೀಪ ಹತ್ತುತ್ತದೆ, ನಾನು ಇನ್ನೂ ಹೋಗುತ್ತಲೇ ಇರುತ್ತೇನೆ.

ಆ ತಿರುಗಿ ನೋಡುವಾಗ ಏನು ನೆನೆಯಲಿ ಎಂದು ನಿರ್ದೇಶಕನನ್ನು ಕೇಳಿದೆ. "ಏನಾದರೂ ನೆನೆಸ್ಕೋ" ಎಂದ. ಟಾಕೀಸಿನ ಹೊರಗೆ ಅಪ್ಪನ ಕೋಟು ಹಾಕಿಕೊಂಡು ನಿಂತವಳನ್ನು ನೆನೆದೆ.

ಅವಳಿಗೆ ನಾಚಿಕೆಯಾದರೂ ಸರಿ, ಈ ಸಲ ಕರೆದುಕೊಂಡು ಹೋಗು. ಕೊನೆಯವರೆಗೆ ಕೂರಿಸು.

ನಿನ್ನ ಲೋವ್ರೊ


ಹಾರ್ಮನ್
೩೦ ಮೇ ೧೯೪೯

ನನ್ನ ಚಿನ್ನದಂಥ ತಮ್ಮ,

ನಿನ್ನ ಪತ್ರವನ್ನು ಅಮ್ಮನಿಗೆ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ಆ ಗುಡ್ಡದ ಕಡೆ ಹೋಗೋದನ್ನ ಇನ್ನೊಂದು ಸಲ ಓದೇ" ಎನ್ನುತ್ತಾಳೆ. ಚರ್ಚಿನಲ್ಲಿ ಪಾದ್ರಿಗೆ ಹೇಳಿದಳು, ಪಾದ್ರಿ ಊರಿಗೆಲ್ಲ ಹೇಳಿದರು. ತೋಯ್ವೊ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ್ದಾನೆ: ಈ ಸಲ ನಮ್ಮ ಹುಡುಗ ಸಾಯುವುದಿಲ್ಲ.

ನಾಚಿಕೆಯಂತೆ, ನಾಚಿಕೆ! ನಿನ್ನ ತಲೆಯಲ್ಲಿ ಹೊಟ್ಟು ತುಂಬಿದೆ. ಬಂದಾಗ ಮಾತಾಡೋಣ.

ಮೊದಲ ಸಾಲಿನಲ್ಲೇ ಕೂರುತ್ತಾಳಂತೆ. ಸಿನಿಮಾ ಬರುವುದು ಯಾವಾಗ, ಬರೆ.

ಪಾವ್ಲಾ


ಹಾರ್ಮನ್
೬ ನವೆಂಬರ್ ೧೯೪೯

ಲೋವ್ರೊ,

ಐದು ತಿಂಗಳು ನೀನು ಒಂದು ಸಾಲು ಬರೆಯಲಿಲ್ಲ. ಯಾಕೆಂದು ನಿನ್ನೆ ಗೊತ್ತಾಯಿತು.

ಇಡೀ ಊರು ಬಂದಿತ್ತು. ಎರಡನೇ ಪಾಳಿಯವರು ಪಾಳಿ ಬದಲಾಯಿಸಿಕೊಂಡು ಬಂದಿದ್ದರು. ಅಮ್ಮ ಮದುವೆಯ ಶಾಲು ಹೊದ್ದಿದ್ದಳು.

ಈಗ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಏನು? ಅಮ್ಮನಿಗೆ ಒಂದು ವರ್ಷದಿಂದ ಕಣ್ಣು ಕಾಣುವುದಿಲ್ಲ. ಮೊದಲು ಮಸುಕಾಯಿತು, ಆಮೇಲೆ ಪೂರಾ ಹೋಯಿತು. ಎಲೆಕೋಸೂ ಇಲ್ಲ, ನೆಗಡಿಯೂ ಇಲ್ಲ. "ಅವನಿಗೆ ಹೇಳಿದ್ರೆ ಜೋಕೆ. ನೋಡೋಕೆ ಅಮ್ಮನೇ ಇಲ್ಲ ಅಂದ್ರೆ ಹುಡುಗ ಯಾರಿಗೋಸ್ಕರ ಮಾಡ್ತಾನೆ?" ಎಂದು ನನ್ನ ಕೈಲಿ ಆಣೆ ಹಾಕಿಸಿದ್ದಳು.

ಅದಕ್ಕೇ ಮೊದಲ ಸಾಲು. ನಿನ್ನ ದನಿ ಹತ್ತಿರದಿಂದ ಕೇಳಲಿ ಅಂತ. ನಾನು ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳುತ್ತಾ ಹೋದೆ. ಈಗ ಲೋವ್ರೊ ಬಂದ, ಟೊಪ್ಪಿ ತೆಗೆದ, ನೀರು ಕುಡಿಯುತ್ತಿದ್ದಾನೆ. "ತೆಳ್ಳಗಾಗಿದ್ದಾನಾ?" ಎಂದಳು. "ಇಲ್ಲಮ್ಮ, ಹೋರಿ ಹಾಗಿದ್ದಾನೆ" ಎಂದೆ. ಅಣ್ಣ ಕುದುರೆ ಕೊಟ್ಟ. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನೀನು ಕುದುರೆ ಹತ್ತಿದೆ. ಆಗ ಬಂಡೆಯ ಹಿಂದಿನಿಂದ ಗುಂಡು ಬಂತು ಲೋವ್ರೊ. ನೀನು ಬಿದ್ದೆ. ಎಂದಿನ ಹಾಗೇ ಬಿದ್ದೆ.

"ಯಾರಿಗೇ ಬಿತ್ತು?" ಎಂದಳು ಅಮ್ಮ, ಇಡೀ ಟಾಕೀಸಿಗೆ ಕೇಳುವ ಹಾಗೆ.

ನಾನು ಅವಳ ಕಿವಿಗೆ ಬಾಗಿದೆ. "ಆ ಕೆಟ್ಟವನಿಗಮ್ಮ. ಬಂಡೆ ಹಿಂದೆ ಇದ್ದನಲ್ಲ, ಅವನಿಗೆ."

"ನಮ್ಮವನು?"

ಹಿಂದಿನ ಸಾಲಿನಿಂದ ಗಣಿಯ ಮಾರ್ಟಿನ್ ಅಮ್ಮನ ಹೆಸರು ಕೂಗಿ ಅಂದ, "ಹೋಗ್ತಿದ್ದಾನೆ ನೇಜಮ್ಮ, ಕುದುರೆ ಏನು ಓಡ್ತಿದೆ ಅಂತೀರಿ!" ಇನ್ನೊಬ್ಬಳು "ತಿರುಗಿ ನೋಡ್ದ, ನೋಡ್ದ" ಎಂದಳು. ಪರದೆಯ ಮೇಲೆ ನೀನು ಅಣ್ಣನ ತೊಡೆಯ ಮೇಲೆ ತಲೆಯಿಟ್ಟು ಸಾಯುತ್ತಿದ್ದೆ. ತೋಯ್ವೊ ಸಿನಿಮಾ ಓಡಿಸುವ ಮೇಲಿನ ಕೋಣೆಯಿಂದ ಸದ್ದು ಪೂರ್ತಿ ತಗ್ಗಿಸಿಬಿಟ್ಟ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು, ಅಳುತ್ತಾ ಹೊಡೆದರು. ಅಮ್ಮ ನಗುತ್ತಾ ಕೂತಿದ್ದಳು. ಮೊದಲ ಸಲ ಕೊನೆಯವರೆಗೆ ಕೂತಿದ್ದಳು.

ಊರಿಗೆ ಊರೇ ಸುಳ್ಳು ಹೇಳಬೇಕಾಗಿ ಬಂತು. ನೀನು ಒಂದು ನಿಜ ಬರೆದಿದ್ದರೆ ಸಾಕಿತ್ತು. ನಿನಗೆ ಮನಸ್ಸು ಎಂಬುದು ಇದೆಯೇನೋ?

ಪಾವ್ಲಾ


ಹಾಲಿವುಡ್
೧೫ ನವೆಂಬರ್ ೧೯೪೯

ಅಕ್ಕ,

ಒಂದು ವರ್ಷ. ಒಂದು ವರ್ಷ ಅವಳು ಕತ್ತಲಲ್ಲಿದ್ದಳು. ನಾನು ಇಲ್ಲಿ ನಾಚಿಕೆ, ನಾಚಿಕೆ ಎಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ.

ನಾನು ಬರೆದದ್ದು ಸುಳ್ಳಲ್ಲ. ನಾನು ಗುಡ್ಡದ ಕಡೆ ಹೋಗಿದ್ದೆ. ಆದರೆ ಬಿಡುಗಡೆಗೆ ಮುಂಚೆ ಪಕ್ಕದ ಯಾವುದೋ ಊರಿನಲ್ಲಿ ಹೇಳದೆ ಕೇಳದೆ ಸಿನಿಮಾ ತೋರಿಸಿ, ನೋಡಿದವರ ಕೈಗೆ ಚೀಟಿ ಕೊಡುವುದು ಇಲ್ಲಿನ ಪದ್ಧತಿ. ಹೇಗಿತ್ತು ಬರೆಯಿರಿ ಅಂತ. ನಾನೂ ಹಿಂದಿನ ಸಾಲಿನಲ್ಲಿ ಅವಿತು ಕೂತಿದ್ದೆ. ಕೊನೆಯಲ್ಲಿ ನಾನು ಕುದುರೆ ಹತ್ತಿದಾಗ ಜನ ನಕ್ಕರು. ಇವನು ಈಗ ಬೀಳ್ತಾನೆ ನೋಡು ಎಂದು ಕಾಯುತ್ತಿದ್ದರು. ಬೀಳಲಿಲ್ಲ ಎಂದು ಗೊಣಗಿದರು. "ಹ್ಯಾಡ್ಲಿ ಯಾಕೆ ಸಾಯಲಿಲ್ಲ?" ಚೀಟಿಗಳಲ್ಲೆಲ್ಲ ಅದೇ. ನನ್ನನ್ನು ಕೊಂದು ಕೊಂದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಮರುವಾರ ಅದೇ ಅಂಗಿ ತೊಡಿಸಿ, ಅದೇ ಕುದುರೆ ಹತ್ತಿಸಿ, ಮತ್ತೆ ತೆಗೆದರು.

ಒಲ್ಲೆ ಎನ್ನಬಹುದಿತ್ತು. ಇನ್ನೊಂದು ಸಲ ಮನೆಯಲ್ಲಿ ಕೂರುವ ಧೈರ್ಯ ಬರಲಿಲ್ಲ. ನಿನಗೆ ಬರೆಯಲು ಕೂತಾಗಲೆಲ್ಲ ಬಾಗಿಲಿಗೆ ತೋಯ್ವೊ ಬರೆದು ಹಾಕಿದ್ದು ಕಣ್ಣಿಗೆ ಕಟ್ಟುತ್ತಿತ್ತು.

ಏನು ಮಾಡಲಿ ಹೇಳು.

ಲೋವ್ರೊ


ಹಾರ್ಮನ್
೫ ಡಿಸೆಂಬರ್ ೧೯೪೯

ಲೋವ್ರೊ,

ನಾನು ಕಣೋ, ಅಮ್ಮ. ಬರೀತಿರೋದು ತೋಯ್ವೊ. ಪಾವ್ಲಾ ಶಾಲೆಗೆ ಹೋಗಿದ್ದಾಳೆ, ಅವಳಿಗೆ ಗೊತ್ತಾಗಬಾರದು. ತೋಯ್ವೊನ ಭಾಷೆ ನನಗೆ ಬರಲ್ಲ, ಹಳೇ ದೇಶದಿಂದ ತಂದ ನನ್ನದು ಅವನಿಗೆ ಬರಲ್ಲ. ನಡುವೆ ಹರಕು ಇಂಗ್ಲಿಷಿದೆ. ತಪ್ಪಿದ್ರೆ ಅವನದು.

ಅವತ್ತು ನೀನು ಬಿದ್ದಿದ್ದು ನನಗೆ ಗೊತ್ತು.

ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಏಳು ವರ್ಷದವನಿದ್ದಾಗ ಸೌದೆ ಕೊಟ್ಟಿಗೆ ಮೇಲಿಂದ ಬಿದ್ದೆಯಲ್ಲ, ಆಗ ಕಿರುಚಲಿಲ್ಲ ನೀನು, ಉಸಿರು ನುಂಗಿ "ಹ್ಞ್" ಅಂದೆ ಅಷ್ಟೆ. ಅಮ್ಮ ಬೈತಾಳೆ ಅಂತ. ಈಗಲೂ ಹಾಗೇ ಬೀಳ್ತೀಯ. ನಾನು ಹೆತ್ತ ಮಗ ಬೀಳೋ ಸದ್ದು ನನಗೆ ಗೊತ್ತಾಗಲ್ವಾ?

ಪಾವ್ಲಾ ನನ್ನ ಕಿವೀಲಿ ಸುಳ್ಳು ಹೇಳ್ತಿದ್ಲು. ಹಿಂದಿದ್ದವರೆಲ್ಲ ಕುದುರೆ ಓಡ್ತು, ಓಡ್ತು ಅಂತ ಅಳ್ತಾ ಕೂಗ್ತಿದ್ರು. ಅಷ್ಟು ಜನ ನನಗೋಸ್ಕರ ನಿನ್ನ ಬದುಕಿಸ್ತಿದ್ರು. ನಾನು ನಗದೆ ಇನ್ನೇನು ಮಾಡ್ಲಿ? ಪಾವ್ಲಾಗೆ ಹೇಳಬೇಡ. ಅವಳು ಪಟ್ಟ ಕಷ್ಟ ದಂಡ ಆಗುತ್ತೆ.

ರೈಲಿನ ಹತ್ತಿರ ಒರಟಾಗಿ ಮಾತಾಡಿದೆ. ನಿನ್ನ ತಡೀಬೇಕು ಅಂತ ಬಾಯಿಗೆ ಬಂದಿದ್ದು ಅಂದೆ. ತಡೆಯೋಕೆ ಬೇರೆ ಮಾತು ಗೊತ್ತಿರಲಿಲ್ಲ.

ಸಿನಿಮಾದಲ್ಲಿ ಸತ್ತರೆ ಸಾಯಿ ಮಗನೇ, ಅನ್ನ ಕೊಡೋ ಕೆಲಸ. ಒಂದು ಸಲ ಮನೆಗೆ ಬಾ. ನಮ್ಮ ಮೆಟ್ಟಿಲ ಮೇಲೆ ನಿನ್ನ ಕಾಲಿನ ಸದ್ದು ಕೇಳಬೇಕು. ಅದೊಂದು ಕೇಳಿದ್ರೆ ಸಾಕು.

ಅಮ್ಮ

(ತೋಯ್ವೊ ಬರೆದದ್ದು: ಅವರು ಹೇಳಿದ್ದನ್ನೆಲ್ಲ ಹಾಗೇ ಬರೆದಿದ್ದೇನೆ. ಬೇಗ ಬಾ. ಕೆಮ್ಮು ಚೆನ್ನಾಗಿಲ್ಲ.)


ಹಾಲಿವುಡ್
೧೮ ಡಿಸೆಂಬರ್ ೧೯೪೯

ಪ್ರೀತಿಯ ಅಮ್ಮ,

ಇದನ್ನು ತೋಯ್ವೊ ಹೆಸರಿಗೆ ಕಳಿಸುತ್ತಿದ್ದೇನೆ, ಅವನೇ ಓದಿ ಹೇಳುತ್ತಿರಬೇಕು. ಈಗ ಮಾಡುತ್ತಿರುವುದು ಮುಗಿಯಲಿಕ್ಕೆ ಜನವರಿ ಕೊನೆಯಾಗುತ್ತದೆ. ನಡುವೆ ಬಿಡುವುದಿಲ್ಲ. ಮುಗಿದ ದಿನವೇ ರೈಲು ಹತ್ತುತ್ತೇನೆ. ಅಲ್ಲಿಯವರೆಗೆ ಕಾಯಬೇಕು. ಮೆಟ್ಟಿಲ ಮೇಲೆ ಜೋರಾಗಿ ಕಾಲಿಡುತ್ತೇನೆ.

ನಿನ್ನ ಲೋವ್ರೊ


ತಂತಿ
೧೭ ಜನವರಿ ೧೯೫೦

ಅಮ್ಮನಿಗೆ ಎದೆಯಲ್ಲಿ ಕಫ. ಡಾಕ್ಟರು ಕೈ ಚೆಲ್ಲಿದ್ದಾರೆ. ಎಲ್ಲ ಬಿಟ್ಟು ಬಾ. ಪಾವ್ಲಾ.


ಹಾಲಿವುಡ್
೧೨ ಫೆಬ್ರವರಿ ೧೯೫೦

ಅಕ್ಕ,

ಕ್ಷೇಮವಾಗಿ ತಲುಪಿದೆ. ಸ್ಟುಡಿಯೊದವರಿಗೆ ಹೇಳದೆ ಊರಿಗೆ ಬಂದದ್ದಕ್ಕೆ ನನ್ನ ಪಾತ್ರವನ್ನು ಬೇರೆಯವನಿಗೆ ಕೊಟ್ಟಿದ್ದಾರೆ. ಅವನೂ ಸಾಯುತ್ತಾನೆ, ಅಷ್ಟು ಚೆನ್ನಾಗಿ ಅಲ್ಲವಂತೆ. ಕರಾರು ಏನಾಗುತ್ತದೋ ಗೊತ್ತಿಲ್ಲ. ಅದರ ಚಿಂತೆ ಈಗ ಇಲ್ಲ.

ನಿಲ್ದಾಣದಲ್ಲೇ ಹೇಳಬೇಕಿತ್ತು, ಪೆಟ್ಟಿಗೆ ಎತ್ತಿಕೊಂಡು ರೈಲು ಹತ್ತಿಬಿಟ್ಟೆ. ಬರೆದರೆ ಸುಲಭ ಎಂದುಕೊಂಡಿದ್ದೆ, ಸುಲಭವಾಗಿಲ್ಲ.

ನಾನು ಮೆಟ್ಟಿಲು ಹತ್ತುವಾಗ ಅವಳು ಒಳಗಿನಿಂದಲೇ "ಬೂಟು ಒರೆಸ್ಕೊಂಡು ಬಾರೋ" ಎಂದಳಲ್ಲ. ಆಮೇಲೆ ನನ್ನ ಮುಖವನ್ನೆಲ್ಲ ತಡವಿದಳು, ಕೆನ್ನೆ, ಹುಬ್ಬು, ಗಲ್ಲ. "ಹೋರಿ ಅಂದಿದ್ದಳು ಪಾವ್ಲಾ. ಇದು ಬರೀ ಮೂಳೆ" ಎಂದು ನಕ್ಕಳು. ಆ ನಾಲ್ಕು ದಿನ ನಾನು ಅವಳ ಮಗನಾಗಿದ್ದೆ, ಬೇರೇನೂ ಆಗಿರಲಿಲ್ಲ. ಅಷ್ಟು ಸುಖ ನನಗೆ ಯಾವತ್ತೂ ಆಗಿಲ್ಲ ಅಕ್ಕ.

ಒಂದು ಸಂಗತಿ ನಿನಗೆ ಗೊತ್ತಿರಲಿ. ನೀನು ಸೊಸೈಟಿ ಅಂಗಡಿಗೆ ಹೋಗಿದ್ದಾಗ ಅವಳು ಆ ಸಿನಿಮಾದ ಮಾತು ತೆಗೆದಳು. ಗುಡ್ಡದ ಕಡೆ ನಾನು ಹೋದದ್ದು, ತಿರುಗಿ ನೋಡಿದ್ದು, ಎಲ್ಲ ಹೇಳಿದಳು. ಕಣ್ಣಾರೆ ಕಂಡವಳ ಹಾಗೆ ಹೇಳಿದಳು. ನೀನು ಹೇಳಿದ್ದನ್ನು ಒಂದು ಚೂರೂ ಸಂಶಯವಿಲ್ಲದೆ ನಂಬಿದ್ದಳು. ಆ ವಿಷಯದಲ್ಲಿ ನೀನು ಇನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇನ್ನು ನನ್ನದು. ಆ ಬೆಳಿಗ್ಗೆ ಅವಳ ಉಸಿರಿನ ಸದ್ದು ಬದಲಾಯಿತು. ಪಾದ್ರಿ ಪ್ರಾರ್ಥನೆ ಶುರು ಮಾಡಿದರು. ನೀನು ಅವಳ ಒಂದು ಕೈ ಹಿಡಿದಿದ್ದೆ, ಇನ್ನೊಂದು ನನ್ನ ಕೈಯಲ್ಲಿತ್ತು. ನಾನು ಆ ಕೈ ಬಿಟ್ಟೆ. ಎದ್ದೆ. ಗೂಟದಲ್ಲಿದ್ದ ಅಪ್ಪನ ಕೋಟು ಹಾಕಿಕೊಂಡು ಹೊರಗೆ ಹೋದೆ. ಅಷ್ಟು ಸಿನಿಮಾದಲ್ಲಿ ಸತ್ತವನಿಗೆ ಒಂದು ಸಾವನ್ನು ಕೂತು ನೋಡಲಾಗಲಿಲ್ಲ. ಅವಳು ನನ್ನನ್ನು ಬಿಟ್ಟು ಯಾಕೆ ಎದ್ದು ಹೋಗುತ್ತಿದ್ದಳು ಎಂದು ಆಗ ಗೊತ್ತಾಯಿತು. ಅದು ನಾಚಿಕೆ ಆಗಿರಲಿಲ್ಲ.

ಬೇಲಿಯ ಹತ್ತಿರ ಹಿಮದಲ್ಲಿ ನಿಂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆದು ನೀನು ಬಂದೆ. ಶಾಲು ಹೊದ್ದಿರಲಿಲ್ಲ. ನಾನು ಕೇಳಬೇಕು ಅಂತ ಕೇಳಲಿಲ್ಲ, ಬಾಯಿಗೆ ತಾನೇ ಬಂತು.

"ಹೋದಳಾ?"

ನೀನು ನನ್ನ ಕೋಟಿನ ಗುಂಡಿ ಹಾಕಿದೆ. ಒಂದು, ಆಮೇಲೆ ಇನ್ನೊಂದು. "ಇಲ್ಲ ಕಣೋ, ತಪ್ಪಿಸಿಕೊಂಡಳು" ಎಂದೆ.

ನಾನು ತಲೆಯಾಡಿಸಿದೆ.

ಲೋವ್ರೊ